ಎಡಿಎಚ್‌ಡಿ ಇರೋ ಮಗ ಶಾಲೇಲಿ ಚಡ್ಡೀಲೇ ಮಾಡ್ಕೊಳ್ತಾನೆ, ಏನ್ ಮಾಡ್ಲಿ?

ಚಿಂಟು ಅಮ್ಮ:
ಮಗಂಗೆ 6 ವರ್ಷ, ಎಡಿಎಚ್‌ಡಿ (ಗಮನ ಒಂದ್ಕಡೆ ನಿಲ್ಲದ, ಚಡಪಡಿಕೆ ಜಾಸ್ತಿ ಇರೋ ಸಮಸ್ಯೆ) ಅಂತ ಡಾಕ್ಟ್ರು ಹೇಳಿದಾರೆ, ಮಾತ್ರೆ ಇನ್ನೂ ಶುರು ಮಾಡಿಲ್ಲ. ಮನೇಲಿ ನಾನು ಜ್ಞಾಪಿಸ್ತಾ ಇರ್ತೀನಿ, ಪರವಾಗಿಲ್ಲ. ಶಾಲೇಲಿ ಮಾತ್ರ ವಾರಕ್ಕೆ ಎರಡ್ಮೂರು ಸಲ ಚಡ್ಡಿ ಒದ್ದೆ, ಈಗೀಗ ಕಕ್ಕಾನೂ ಸ್ವಲ್ಪ ಅಂಟಿರುತ್ತೆ. ಕೇಳಿದ್ರೆ "ಗೊತ್ತೇ ಆಗ್ಲಿಲ್ಲಮ್ಮ" ಅಂತಾನೆ. ಮಿಸ್ ನೋಡಿದ್ರೆ "ಕೇಳಿದ್ರೆ ಕಳಿಸ್ತೀವಿ, ಅವ್ನೇ ಕೇಳಲ್ಲ, ಬೇಕಂತ್ಲೇ ಮಾಡ್ತಾನೆ" ಅಂತಾರೆ. ನಮ್ಮತ್ತೆ ನೀರು ಕಮ್ಮಿ ಕೊಡು ಅಂತಾರೆ. ಯಾರ ಮಕ್ಕಳಿಗಾದ್ರೂ ಹೀಗಾಗಿತ್ತಾ?

ಇಬ್ಬರ ತಾಯಿ:
ಗೊತ್ತಾಗ್ಲಿಲ್ಲ ಅಂದ್ರೆ ನಂಬಿ ರೀ. ನನ್ನ ದೊಡ್ಡೋನೂ ಹೀಗೇ ಇದ್ದ. ಎಡಿಎಚ್‌ಡಿ ಮಕ್ಕಳಲ್ಲಿ ಇದು ಬೇರೆಯವ್ರಿಗಿಂತ ಜಾಸ್ತೀನೇ. ಯೋಚ್ನೆ ಮಾಡಿ, ಬರ್ತಿದೆ ಅಂತ ಗಮನಕ್ಕೆ ಬರ್ಬೇಕು, ಮಾಡ್ತಿರೋದು ನಿಲ್ಲಿಸ್ಬೇಕು, ಕೈ ಎತ್ತಬೇಕು, ಮಿಸ್ ನೋಡೋವರ್ಗೂ ಕಾಯ್ಬೇಕು. ಈ ನಾಲ್ಕೂ ಅವ್ನಿಗೆ ಕಷ್ಟವಾದ ಕೆಲಸಗಳೇ! ಅದಕ್ಕೆ ಅವ್ನು ಕೇಳ್ಲಿ ಅಂತ ಬಿಡ್ಬಾರ್ದು, ಸುಮಾರು 2 ಗಂಟೆಗೊಂದು ಸಲ ಟೈಮ್ ಫಿಕ್ಸ್ ಮಾಡಿ ಕಳಿಸ್ಬೇಕು. "ಬಂದಿದ್ಯಾ?" ಅಂತ ಕೇಳಿದ್ರೆ ಇಲ್ಲ ಅಂತಾನೆ ಗ್ಯಾರಂಟಿ, "ಈಗ ಹೋಗೋ ಟೈಮು" ಅಂತಷ್ಟೇ ಹೇಳ್ಬೇಕು. ವೈಬ್ರೇಟ್ ಆಗೋ ವಾಚ್ ಕೆಲವ್ರಿಗೆ ಕೆಲಸ ಮಾಡುತ್ತಂತೆ, ನಮ್ಮವ್ನು ಆಫ್ ಮಾಡಿ ಆಟಕ್ಕೆ ಹೋಗ್ತಿದ್ದ 😅

ಮಕ್ಕಳ ವಾರ್ಡ್ ನರ್ಸ್:
ಕಕ್ಕ ಅಂಟಿರುತ್ತೆ ಅಂದ್ರಲ್ಲ, ಮೊದ್ಲು ಅದನ್ನ ನೋಡಿ. ಮಲಬದ್ಧತೆ ಇದ್ರೆ ಗಟ್ಟಿ ಮಲ ಒಳಗೇ ಕೂತು ಅದರ ಪಕ್ಕದಿಂದ ತೆಳ್ಳಗೆ ಸೋರುತ್ತೆ, ಮಗೂಗೆ ನಿಜ್ವಾಗ್ಲೂ ಗೊತ್ತಾಗಲ್ಲ. ದಿನಾ ಹೋಗ್ತಾನಲ್ಲ ಅನ್ಬೇಡಿ, ದಿನಾ ಹೋಗೋ ಮಕ್ಕಳಲ್ಲೂ ಇರುತ್ತೆ. ತುಂಬಿದ ಕರುಳು ಮೂತ್ರಕೋಶನ ಒತ್ತುತ್ತೆ, ಹಾಗಾಗಿ ಒದ್ದೆ ಆಗೋದಕ್ಕೂ ಅದೇ ಕಾರಣ ಇರ್ಬಹುದು. ಮಕ್ಕಳ ಡಾಕ್ಟ್ರಿಗೆ ತೋರ್ಸಿ, ಯೂರಿನ್ ಟೆಸ್ಟೂ ಮಾಡ್ಸಿ. ಮಲ ಮೆತ್ತಗಾಗೋ ಔಷಧಿ ಕೊಟ್ರೆ ತಿಂಗಳುಗಟ್ಲೆ ಬೇಕಾಗ್ಬಹುದು, ಸರಿಹೋಯ್ತು ಅಂತ ನೀವೇ ನಿಲ್ಲಿಸ್ಬೇಡಿ. ಊಟ ಆದ್ಮೇಲೆ 5-10 ನಿಮಿಷ ಕೂರ್ಸಿ, ಕಾಲಡಿಗೆ ಸ್ಟೂಲ್ ಇಡಿ, ಬರ್ಲಿ ಬಿಡ್ಲಿ ಕೂತಿದ್ದಕ್ಕೆ ಶಭಾಷ್ ಅನ್ನಿ.

ನೀರು ಮಾತ್ರ ಕಮ್ಮಿ ಮಾಡ್ಬೇಡಿ, ಮಲ ಇನ್ನೂ ಗಟ್ಟಿಯಾಗುತ್ತೆ. ಮೂತ್ರ ಮಾಡುವಾಗ ಉರಿ, ಜ್ವರ, ಮಲದಲ್ಲಿ ರಕ್ತ, ಕಾಲಲ್ಲಿ ಶಕ್ತಿ ಇಲ್ದಿರೋದು, ವಿಪರೀತ ಬಾಯಾರಿಕೆ ಜೊತೆ ತೂಕ ಇಳಿಯೋದು, ಇದ್ರಲ್ಲಿ ಯಾವ್ದಿದ್ರೂ ತಡ ಮಾಡ್ಬೇಡಿ.

ಒಂದನೇ ಕ್ಲಾಸ್ ಟೀಚರ್:
ಟೀಚರ್ ಆಗಿ ಹೇಳ್ತೀನಿ, "ಬೇಕಂತ್ಲೇ" ಅನ್ನೋದು ನಂಗೆ ಒಪ್ಪಿಗೆ ಇಲ್ಲ, ಎಲ್ಲರ ಮುಂದೆ ಒದ್ದೆ ಚಡ್ಡೀಲಿ ನಿಲ್ಲೋಕೆ ಯಾವ ಮಗೂಗೆ ಇಷ್ಟ ಆಗುತ್ತೆ. ಡಾಕ್ಟ್ರ ಹತ್ರ ಒಂದು ಚೀಟಿ ಬರೆಸ್ಕೊಂಡು ಹೋಗಿ, ಬಾಯಲ್ಲಿ ಹೇಳೋದಕ್ಕಿಂತ ಅದಕ್ಕೆ ಬೆಲೆ ಜಾಸ್ತಿ. ನಾನು ಒಬ್ಬ ಹುಡುಗನ್ನ "ಈ ಪುಸ್ತಕ ಆಫೀಸಿಗೆ ಕೊಟ್ಟು ಹಾಗೇ ಬಾತ್‌ರೂಮಿಗೆ ಹೋಗ್ಬಾ" ಅಂತ ಕಳಿಸ್ತಿದ್ದೆ, ಬೇರೆ ಮಕ್ಕಳಿಗೆ ಸುಳಿವೇ ಇರ್ಲಿಲ್ಲ. ಬಟ್ಟೆ, ಕವರ್, ವೈಪ್ಸ್ ಬ್ಯಾಗಲ್ಲಿಡಿ, ಬದಲಾಯಿಸೋಕೆ ಯಾರು ಸಹಾಯ ಮಾಡೋದು ಅಂತ ಮೊದ್ಲೇ ಮಾತಾಡ್ಕೊಳ್ಳಿ. ಆಮೇಲೆ ಟಾಯ್ಲೆಟ್ ಹೇಗಿದೆ ನೋಡ್ಕೊಂಡು ಬನ್ನಿ. ವಾಸನೆ, ಫ್ಲಶ್ ಶಬ್ದ, ಚಿಲಕ ಇಲ್ದಿರೋದು, ಇಷ್ಟಕ್ಕೇ ಎಷ್ಟೋ ಮಕ್ಕಳು ಹೋಗಲ್ಲ.

ಚಿಂಟು ಅಮ್ಮ:
ಮಲಬದ್ಧತೆ ಇರ್ಬಹುದು ಅಂತ ತಲೇಗೇ ಬಂದಿರ್ಲಿಲ್ಲ, ಅಪಾಯಿಂಟ್‌ಮೆಂಟ್ ತಗೊಳ್ತೀನಿ. ಎಡಿಎಚ್‌ಡಿ ಮಾತ್ರೆ ಶುರು ಮಾಡಿದ್ರೆ ಇದು ಕಮ್ಮಿ ಆಗುತ್ತಾ?

ಮಕ್ಕಳ ವಾರ್ಡ್ ನರ್ಸ್:
ಗಮನ ಸುಧಾರಿಸಿದ್ರೆ ಕೆಲವ್ರಿಗೆ ಇದೂ ಸುಧಾರಿಸುತ್ತೆ, ಆದ್ರೆ ಮಾತ್ರೆ ಒಂದನ್ನೇ ನಂಬ್ಕೋಬೇಡಿ. ಕೆಲವು ಮಾತ್ರೆಗಳಿಂದ ಹಸಿವು ಕಮ್ಮಿ ಆಗುತ್ತೆ, ತಿನ್ನೋದು ಕುಡಿಯೋದು ಕಮ್ಮಿ ಆದ್ರೆ ಮಲಬದ್ಧತೆ ಜಾಸ್ತಿ ಆಗ್ಬಹುದು. ಮಾತ್ರೆ ಬರೆಯೋ ಡಾಕ್ಟ್ರಿಗೂ ಈ ವಿಷಯ ಹೇಳಿ.