ಹಸಿ ದಿಮ್ಮಿ ಒಂದು ಲೋಡ್ ಬಂದಿದೆ. ಕೊಡಲಿಯೋ, ಮಷಿನ್ನೋ? ಅನುಭವ ಇರುವವರು ಹೇಳಿ

ತಣ್ಣನೆಮನೆ:
ಮನೆ ಬೆಚ್ಚಗಿಡಲು ಈ ವರ್ಷ ಕಬ್ಬಿಣದ ಸೌದೆ ಒಲೆ ಕೂರಿಸಿದ್ದೇವೆ. ಒಂದು ಲೋಡ್ ದಿಮ್ಮಿ ಅಂಗಳದಲ್ಲಿ ಬಿದ್ದಿದೆ. ಕಡಿದು ಹೆಚ್ಚು ದಿನ ಆಗಿಲ್ಲ, ತೊಗಟೆ ಎಬ್ಬಿಸಿದರೆ ಕೈಗೆ ನೀರು ಹತ್ತುತ್ತದೆ. ಚಳಿ ಶುರುವಾಗಲು ಇನ್ನು ಐದು ತಿಂಗಳಿದೆ. ಒಲೆಯಲ್ಲಿ 30 ಸೆಂ.ಮೀ.ಗಿಂತ ಉದ್ದದ ಸೌದೆ ಹಿಡಿಯುವುದಿಲ್ಲ. ನನ್ನ ಬಲ ಭುಜ ಅಷ್ಟಕ್ಕಷ್ಟೆ. ಕೊಡಲಿ ಕೊಳ್ಳಲೇ, ಸೀಳುವ ಮಷಿನ್ ಬಾಡಿಗೆಗೆ ತರಲೇ? ಒಟ್ಟುವುದು ಹೇಗೆ?

ಕೊಡಲಿಕಾವು:
ಮಷಿನ್ ಗಿಷಿನ್ ಏನೂ ಬೇಡ. ಹರೆಯದಿಂದ ಕೈಯಲ್ಲೇ ಸೀಳುತ್ತಾ ಬಂದವನು ನಾನು. ಸೀಳುಗೊಡಲಿ ತಗೊಳ್ಳಿ, ತಲೆ ಮೂರು ಕಿಲೋ ಆಸುಪಾಸು ಇರಲಿ. ಅದಕ್ಕಿಂತ ಭಾರ ಆದರೆ ಬೇಗ ಉಸಿರು ಬಿಡುತ್ತೀರಿ. ಮೊದಲು ದಿಮ್ಮಿಯ ನೆತ್ತಿ ನೋಡಿ. ಒಣಗುತ್ತಾ ಬಂದ ಹಾಗೆ ನಡುವಿನಿಂದ ಅಂಚಿಗೆ ಬಿರುಕು ಬಿಟ್ಟಿರುತ್ತದೆ. ಏಟು ಆ ಗೆರೆಯಲ್ಲೇ ಬೀಳಬೇಕು, ಅದೂ ಈಚೆ ಅಂಚಿಗೆ. ನಟ್ಟನಡುವೆ ಹೊಡೆದರೆ ಕೊಡಲಿ ಹೂತುಕೊಂಡು ಕೂರುತ್ತದೆ. ಆಚೆ ಅಂಚಿಗೆ ಹೋದರೆ ತಲೆ ದಾಟಿ ಕಾವೇ ದಿಮ್ಮಿಗೆ ಬಡಿಯುತ್ತದೆ.

ಕಾವು ಅಂದಾಗ ನೆನಪಾಯಿತು. ನನ್ನ ಭಾವಮೈದುನ ಒಂದು ದಿನಕ್ಕೆ ಅಂತ ನನ್ನ ಕೊಡಲಿ ತಗೊಂಡು ಹೋದ. ತಲೆ ಒಂದು ಚೀಲದಲ್ಲಿ, ಕಾವು ಇನ್ನೊಂದರಲ್ಲಿ ವಾಪಸ್ ಬಂತು. ಹೊಸ ಕಾವು ತಂದೆ. ಬಣ್ಣ ಬಳಿದು ಮಾರಿದ್ದರು, ಒಳಗೆ ನಾರು ಅಡ್ಡಕ್ಕಿತ್ತು. ಅದೂ ಮುರಿಯಿತು. ಆಮೇಲೆ ಬಣ್ಣ ಇಲ್ಲದ್ದನ್ನೇ ಹುಡುಕಿದೆ. ಬುಡದ ತುದಿಯಲ್ಲಿ ನೋಡಿದರೆ ನಾರಿನ ಗೆರೆಗಳು ಅಲಗಿನ ದಿಕ್ಕಿಗೇ ಓಡಿರಬೇಕು. ಕೊಡಲಿ ತಲೆಯ ತೂತಿಗೆ ಕೂರಿಸಿ, ಮೇಲಿಂದ ಬೆಣೆ ಬಡಿದು, ಹೆಚ್ಚಿನ ತುದಿ ಕುಯ್ದು, ಅಗಸೆ ಎಣ್ಣೆ ಕುಡಿಸಿದೆ. ಆ ಕಾವು ಇವತ್ತಿಗೂ ಗಟ್ಟಿಯಾಗಿದೆ. ಭಾವಮೈದುನನಿಗೆ ಮಾತ್ರ ಮತ್ತೆ ಕೊಟ್ಟಿಲ್ಲ.

ಬೆನ್ನುನೋವಿನವಳು:
ಕೊಡಲಿಕಾವು ಅವರಿಗೆ ಬರೀ ನೇರ ನಾರಿನ ಮರವೇ ಸಿಕ್ಕಿದೆ ಅಂತ ಕಾಣುತ್ತದೆ. ನನಗೆ ಬಂದಿದ್ದು ನೀಲಗಿರಿ. ನಾರು ಒಂದರೊಳಗೊಂದು ಹೆಣೆದುಕೊಂಡು ತಿರುಚಿರುತ್ತದೆ. ಕೊಡಲಿ ಹೊಡೆದರೆ ಟಣ್ ಅಂತ ವಾಪಸ್ ಬರುತ್ತದೆ, ಮೊಣಕೈವರೆಗೂ ಜುಮ್ ಅನ್ನುತ್ತದೆ. ನನ್ನ ಬೆನ್ನಿನ ಡಿಸ್ಕ್ ಜಾರಿದ್ದು ಆ ಮರದಿಂದಲೇ. ಆಮೇಲೆ ಎಣ್ಣೆಯ ಒತ್ತಡದಲ್ಲಿ ಬೆಣೆ ತಳ್ಳಿ ಸೀಳುವ ಹೈಡ್ರಾಲಿಕ್ ಮಷಿನ್ ತರಿಸಿದೆ.

ಬಾಡಿಗೆ ಅಂದರೆ ಬರೀ ಬಾಡಿಗೆ ಅಲ್ಲ. ಮುಂಗಡ ಬೇರೆ, ತಂದುಬಿಡುವ ಗಾಡಿ ಖರ್ಚು ಬೇರೆ, ವಾಪಸ್ ಒಯ್ಯುವುದಕ್ಕೆ ಮತ್ತೆ ಬೇರೆ. ಪೆಟ್ರೋಲ್ ನಮ್ಮದು. ಗಡಿಯಾರ ಓಡುವುದು ಮಷಿನ್ ಅಂಗಳಕ್ಕೆ ಇಳಿದ ಗಳಿಗೆಯಿಂದ. ಅವತ್ತು ಮಧ್ಯಾಹ್ನವೇ ಮಳೆ ಹಿಡಿಯಿತು. ಮಳೆಗೂ ಬಾಡಿಗೆ ಕೊಟ್ಟೆ! ಸಿಲಿಂಡರಿನ ಸೀಲ್ ಸೋರಿ ಎಣ್ಣೆಯೆಲ್ಲ ನೆಲಕ್ಕೆ ಹೋಯಿತು. ಆ ಎಣ್ಣೆಯ ದುಡ್ಡನ್ನೂ ಮುಂಗಡದಲ್ಲಿ ಹಿಡಿದುಕೊಂಡರು. ಎಲ್ಲಕ್ಕಿಂತ ಸಿಟ್ಟು ಬಂದಿದ್ದು ಬೇರೆ ವಿಷಯಕ್ಕೆ. ಎರಡೂ ಕೈಯಲ್ಲಿ ಹಿಡಿ ಒತ್ತಿದರೆ ಮಾತ್ರ ಬೆಣೆ ಮುಂದೆ ಬರುವ ಹಾಗೆ ಅದನ್ನು ಮಾಡಿರುತ್ತಾರೆ, ಕೈ ಒಳಗೆ ಸಿಗಬಾರದು ಅಂತ. ಇವರು ಒಂದು ಹಿಡಿಯನ್ನು ವೈರಿನಿಂದ ಬಿಗಿದು ಕಳಿಸಿದ್ದರು, 'ಕೆಲಸ ಬೇಗ ಆಗಲಿ' ಅಂತ. ನಾನು ವೈರ್ ಕತ್ತರಿಸಿದ್ದಕ್ಕೂ ಅವರದೇ ಜಗಳ. ಇಷ್ಟೆಲ್ಲ ಆಗಿಯೂ ನಾನು ಮಷಿನ್ ಕಡೆಯೇ.

ಕೊಡಲಿಕಾವು:
ನೀಲಗಿರಿ ಹಸಿ ಇರುವಾಗ ಸೀಳಬೇಕು ಮೇಡಂ. ಒಣಗಿಸಿಟ್ಟು ಹೊಡೆದರೆ ಯಾರಿಗೂ ಬಗ್ಗುವುದಿಲ್ಲ. ಮರದ್ದಲ್ಲ ತಪ್ಪು. ನಡುವನ್ನು ಬಿಟ್ಟು ಅಂಚಿನಿಂದ ಹಲಗೆ ಹಲಗೆಯಾಗಿ ಬಿಡಿಸುತ್ತಾ ಬಂದರೆ ಅದೂ ಬಿಡುತ್ತದೆ.

ಬೆನ್ನುನೋವಿನವಳು:
ಹಸಿಯದ್ದೇ ಆಗಿತ್ತು. ಯಾರದ್ದು ತಪ್ಪು ಅಂತ ನನ್ನ ಎಕ್ಸ್‌ರೇ ನೋಡದೆ ತೀರ್ಪು ಕೊಡಬೇಡಿ.

ಎರಡುಗರಗಸ:
ಸೀಳುವುದು ಆಮೇಲಿನ ಮಾತು. ಮೊದಲು 30 ಸೆಂ.ಮೀ.ಗೆ ತುಂಡು ಮಾಡಬೇಕಲ್ವಾ? ಅಷ್ಟು ಗಿಡ್ಡ ಅಂದರೆ 45ಕ್ಕೆ ಹೋಲಿಸಿದರೆ ಒಂದೂವರೆ ಪಟ್ಟು ಕುಯ್ತ. ಚೈನ್ ಗರಗಸದ ದುಡ್ಡು ಅಲ್ಲಿ ಹೋಗುತ್ತದೆ. ನನ್ನ ಲೋಡನ್ನು ತಂದವರು ಕೆಸರಲ್ಲಿ ಎಳೆದುಕೊಂಡು ಬಂದಿದ್ದರು. ತೊಗಟೆ ಸಂದಿಯಲ್ಲೆಲ್ಲ ಮರಳು. ಹೊಸ ಚೈನು ಟೀ ಕುಡಿಯುವ ಹೊತ್ತಿಗೆ ಮೊಂಡಾಯಿತು. ಚಕ್ಕೆ ಚಕ್ಕೆಯಾಗಿ ಉದುರಬೇಕಾದದ್ದು ಹಿಟ್ಟಿನ ಹಾಗೆ ಉದುರಲು ಶುರುವಾದರೆ ತಿಳಿಯಿರಿ, ಹಲ್ಲು ಹೋಗಿದೆ. ಒತ್ತಿ ಕುಯ್ಯಲು ಹೋದರೆ ಬಾರ್ (ಚೈನ್ ಸುತ್ತ ಓಡುವ ಉದ್ದ ಪಟ್ಟಿ) ಕಾದು ನೀಲಿಯಾಗುತ್ತದೆ, ಗರಗಸ ಒಂದು ಪಕ್ಕಕ್ಕೆ ಎಳೆಯುತ್ತದೆ. ಅರ ಹಾಕಿ, ಅರ ಹಾಕಿ, ಆ ಚೈನಿನ ಹಲ್ಲು ಅರ್ಧ ನನ್ನ ಅರದ ಪುಡಿಯಲ್ಲೇ ಹೋಯಿತು. ಈಗ ದಿಮ್ಮಿ ಬಂದ ಕೂಡಲೇ ತಂತಿ ಬ್ರಷ್ ಹಾಕಿ, ಕುಯ್ಯುವ ಜಾಗದ ತೊಗಟೆ ಕೆತ್ತಿ ತೆಗೆಯುತ್ತೇನೆ. ಎರಡನೇ ಗರಗಸ ಯಾಕೆ ಅಂತ ಮನೆಯಲ್ಲಿ ಕೇಳುತ್ತಾರೆ. ಮೊದಲನೆಯದು ದಿಮ್ಮಿಯಲ್ಲಿ ಕಚ್ಚಿಕೊಂಡಾಗ ಬಿಡಿಸಲು!

ಬಾರಿನ ಮೂತಿಯ ಮೇಲ್ಭಾಗ ಯಾವುದಕ್ಕೂ ತಾಗಬಾರದು. ತಾಗಿದರೆ ಗರಗಸ ಮುಖಕ್ಕೆ ಎಗರುತ್ತದೆ. ಕಾಲಿಗೆ ರಕ್ಷಣೆ ಪ್ಯಾಂಟ್ ಹಾಕಿ. ಚೈನ್ ತಾಗಿದರೆ ಒಳಗಿನ ಎಳೆಗಳು ಹೊರಬಂದು ಹಲ್ಲಿನ ಚಕ್ರಕ್ಕೆ ಸುತ್ತಿ ಅದನ್ನು ನಿಲ್ಲಿಸುತ್ತವೆ.

ಕೊಡಲಿಕಾವು:
ಬೇಸಿಗೆಯಲ್ಲಿ ಆ ಪ್ಯಾಂಟ್ ಹಾಕಿದರೆ ಮನುಷ್ಯನೇ ಬೆಂದುಹೋಗುತ್ತಾನೆ. ನಾನು ಯಾವತ್ತೂ ಹಾಕಿಲ್ಲ.

ಎರಡುಗರಗಸ:
ಹಾಕದೆ ಉಳಿದವರು ಮಾತ್ರ ಹೀಗೆ ಬರೆಯಲು ಸಾಧ್ಯ. ನನ್ನ ತೊಡೆಯಲ್ಲಿ ಹೊಲಿಗೆ ಇದೆ. ಹೊಸಬರಿಗೆ ಇಂಥ ಬುದ್ಧಿ ಹೇಳಬೇಡಿ.

ತಣ್ಣನೆಮನೆ:
ಎಲ್ಲರಿಗೂ ಥ್ಯಾಂಕ್ಸ್. ಭುಜನೋವು ಇದ್ದವರು ಯಾರಾದರೂ ಕೊಡಲಿ ಬಳಸಿದ್ದೀರಾ?

ಮಸಿಕೊಳವೆ:
ನೀವು ಯಾವುದರಲ್ಲಿ ಸೀಳಿದರೂ ಒಂದೇ. ಹಸಿ ಸೌದೆ ಉರಿಸಿದರೆ ಏನಾಗುತ್ತದೆ ಅಂತ ನನ್ನನ್ನು ಕೇಳಿ. 'ಒಣಗಿದೆ' ಅಂತ ಹೇಳಿ ತೂಕದ ಲೆಕ್ಕದಲ್ಲಿ ನಮಗೆ ಸೌದೆ ಮಾರಿದರು. ಹಸಿ ಮರದ ತೂಕದಲ್ಲಿ ಹತ್ತಿರತ್ತಿರ ಅರ್ಧ ನೀರೇ ಇರುತ್ತದೆ. ಅಂದರೆ ನಾನು ನೀರಿಗೆ ದುಡ್ಡು ಕೊಟ್ಟೆ. ಒಲೆಗೆ ಹಾಕಿದರೆ ತುದಿಯಲ್ಲಿ ನೊರೆ ಬಂದು ಸುಯ್ ಅನ್ನುತ್ತಿತ್ತು. ಗಾಜೆಲ್ಲ ಕಪ್ಪು. ಮಾರಿದವರನ್ನು ಕೇಳಿದರೆ 'ನಿಮ್ಮ ಒಲೆಗೆ ಗಾಳಿ ಸಾಲದು' ಅಂದರು. ಒಲೆ ಕೂರಿಸಿದವರನ್ನು ಕೇಳಿದರೆ 'ಸೌದೆ ಸರಿ ಇಲ್ಲ' ಅಂದರು. ನಡುವೆ ನಾವು, ರಾತ್ರಿಯಿಡೀ ಗಾಳಿ ಕಿಂಡಿ ಮುಚ್ಚಿಟ್ಟು ನಿಧಾನಕ್ಕೆ ಉರಿಸಿ ಅಂತ ಅವರೇ ಹೇಳಿಕೊಟ್ಟ ಹಾಗೆ ಉರಿಸುತ್ತಿದ್ದೆವು.

ಆ ತಣ್ಣಗಿನ ಹೊಗೆ ಮೇಲೆ ಹೋಗುತ್ತಾ ಕೊಳವೆಯ ಗೋಡೆಗೆ ಟಾರಿನ ಹಾಗೆ ಹತ್ತುತ್ತದೆ. ಕ್ರಿಯೋಸೋಟ್ ಅನ್ನುತ್ತಾರೆ. ಮೊದಲು ಪುಡಿ ಮಸಿ, ಆಮೇಲೆ ಹೊಳೆಯುವ ಗಟ್ಟಿ ಪದರ. ಬ್ರಷ್ ಹಾಕಿದರೂ ಬರುವುದಿಲ್ಲ. ಒಂದು ಸಂಜೆ ಒಣ ಚಕ್ಕೆ ಹಾಕಿ ಜೋರಾಗಿ ಉರಿಸಿದಾಗ ಅದಕ್ಕೆ ಬೆಂಕಿ ಹಿಡಿಯಿತು. ಕೊಳವೆ ಗುಡುಗುಡು ಅಂತ ನಡುಗಲು ಶುರುವಾಯಿತು. ಗಾಳಿ ಕಿಂಡಿ ಮುಚ್ಚಿ, ಮಕ್ಕಳನ್ನು ಎತ್ತಿಕೊಂಡು ಹೊರಗೆ ಓಡಿದೆವು. ಅಗ್ನಿಶಾಮಕದವರು ಬಂದು ಹೋದ ಮೇಲೆ ನೋಡಿದರೆ ಕೊಳವೆಯ ಒಳಪದರ ಬಿರಿದಿತ್ತು. ಕೊಳವೆ ಪೂರ್ತಿ ಹೊಸದು, ಮಾಡಿನ ಹೆಂಚು ಬಿಚ್ಚಿ ಹಾಕಿದ ಕೂಲಿ, ಛಾವಣಿಯ ಹಲಗೆ, ಗೋಡೆ ಬಣ್ಣ. ಒಲೆಗಿಂತ ಜಾಸ್ತಿ ದುಡ್ಡು ಅದಕ್ಕೆ ಹೋಯಿತು. ಐದು ತಿಂಗಳಲ್ಲಿ ಒಣಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಓಕ್‌ನಂಥ ಗಟ್ಟಿ ಮರಕ್ಕೆ ಎರಡು ವರ್ಷ ಬೇಕು.

ಲೆಕ್ಕಪಕ್ಕಾ:
ಎಲ್ಲ ಮರ ಓಕ್ ಅಲ್ಲ. ಪೈನ್‌ನಂಥ ಹಗುರ ಮರವನ್ನು ಸಣ್ಣಗೆ ಸೀಳಿ ಬಿಸಿಲು, ಗಾಳಿಗೆ ಇಟ್ಟರೆ ಒಂದು ಬೇಸಿಗೆಗೆ ತಯಾರಾಗುತ್ತದೆ. ನೀರು ಹೊರಗೆ ಹೋಗುವುದು ಪಕ್ಕದಿಂದಲ್ಲ, ಹೆಚ್ಚಾಗಿ ಕುಯ್ದ ತುದಿಗಳಿಂದ. ಹಾಗಾಗಿ 30 ಸೆಂ.ಮೀ. ತುಂಡು ಬೇಗ ಒಣಗುತ್ತದೆ. ತೇವ ಅಳೆಯುವ ಮೀಟರ್ ತಗೊಳ್ಳಿ. ನಾನು ಅಳೆಯದೆ ಒಂದು ಕಡ್ಡಿಯೂ ಒಳಗೆ ತರುವುದಿಲ್ಲ. ಶೇ. 20ರ ಕೆಳಗಿದ್ದರೆ ಸೈ.

ಮಸಿಕೊಳವೆ:
ನಮಗೆ ಮಾರಿದವರೂ ಮೀಟರ್ ಚುಚ್ಚಿ ಶೇ. 18 ಅಂತ ತೋರಿಸಿದ್ದರು! ಮೀಟರ್ ಕಥೆ ಬಿಡಿ.

ಲೆಕ್ಕಪಕ್ಕಾ:
ಎಲ್ಲಿ ಚುಚ್ಚಿದ್ದರು? ತುದಿಗೋ, ಹೊರಮೈಗೋ ಚುಚ್ಚಿದರೆ ಕಡಿಮೆಯೇ ತೋರಿಸುತ್ತದೆ. ತುಂಡನ್ನು ಆಗ ತಾನೇ ಸೀಳಿ, ಒಳಮೈಯ ನಡುವೆ, ನಾರಿನ ಉದ್ದಕ್ಕೆ ಎರಡೂ ಮುಳ್ಳು ಚುಚ್ಚಬೇಕು. ಇನ್ನೊಂದು ವಿಷಯ. ಈ ಮೀಟರುಗಳು ಸಾಮಾನ್ಯವಾಗಿ ಒಣ ಮರದ ತೂಕಕ್ಕೆ ನೀರೆಷ್ಟು ಅಂತ ತೋರಿಸುತ್ತವೆ. ಸೌದೆಯವರು ಹೇಳುವುದು ಒಟ್ಟು ತೂಕದಲ್ಲಿ ನೀರೆಷ್ಟು ಅಂತ. ಒಂದರಲ್ಲಿ 25 ಇದ್ದದ್ದು ಇನ್ನೊಂದರಲ್ಲಿ 20. ಅರ್ಧ ನೀರೇ ಇರುವ ಮರ ಮೊದಲ ಲೆಕ್ಕದಲ್ಲಿ ಶೇ. 100 ಆಗುತ್ತದೆ. ಇದು ತಿಳಿಯದೆ ಜಗಳ ಆಡುವವರೇ ಜಾಸ್ತಿ.

ಕೊಡಲಿಕಾವು:
ಎರಡು ತುಂಡು ತಗೊಂಡು ಒಂದಕ್ಕೊಂದು ಬಡಿಯಿರಿ. ಒಣಗಿದ್ದರೆ ಟಕ್ ಅನ್ನುತ್ತದೆ, ಹಸಿ ಇದ್ದರೆ ದಬ್ ಅನ್ನುತ್ತದೆ. ಬ್ಯಾಟರಿ ಬೇಡ.

ಲೆಕ್ಕಪಕ್ಕಾ:
ಟಕ್‌ಗೆ ಶೇಕಡಾ ಎಷ್ಟು ಸಾರ್?

ಬೆನ್ನುನೋವಿನವಳು:
ಇಬ್ಬರೂ ಸುಮ್ನೆ ಕಾಲ ಕಳೆಯುತ್ತಿದ್ದೀರಿ. ಅಡುಗೆಮನೆ ತಕ್ಕಡಿ ಇದೆಯಲ್ಲ? ಒಟ್ಟಿನ ನಡುವಿನದೇ ಒಂದು ತುಂಡಿಗೆ ಗುರುತು ಹಾಕಿ ಆಗಾಗ ತೂಗಿ. ತೂಕ ಇಳಿಯುವುದು ನಿಂತರೆ, ಆ ಹವೆಯಲ್ಲಿ ಅದಕ್ಕಿಂತ ಜಾಸ್ತಿ ಒಣಗುವುದಿಲ್ಲ.

ಗುಂಡುಬಣವೆ:
ಒಟ್ಟುವುದು ಹೇಗೆ ಅಂತ ಕೇಳಿದ್ದಕ್ಕೆ ಇಷ್ಟು ಹೊತ್ತು ಯಾರೂ ಬಾಯಿ ಬಿಟ್ಟಿಲ್ಲ. ನಾನು ದುಂಡಗೆ ಒಟ್ಟುತ್ತೇನೆ. ಸುತ್ತ ಒಂದು ಸಾಲು, ತುದಿ ಹೊರಕ್ಕೆ ಬರುವ ಹಾಗೆ. ಹೊರ ತುದಿ ತುಸು ಎತ್ತರ ಇರಬೇಕು, ಆಗ ಒಟ್ಟು ಒಳಕ್ಕೆ ವಾಲಿ ನಿಲ್ಲುತ್ತದೆ. ಎತ್ತರ ತಗ್ಗಿದ ಹಾಗೆ ಸುತ್ತಲೂ ಒಂದು ತೆಳು ಸೀಳನ್ನು ಅಡ್ಡ ಇಟ್ಟು ಮತ್ತೆ ಎತ್ತರಿಸಬೇಕು. ನಡುವೆ ಡೊಂಕು ತುಂಡು, ಗಂಟು, ಯಾವ ಸಾಲಲ್ಲೂ ಕೂರದ್ದು ಎಲ್ಲ ಹಾಕಿ. ಕೊನೆಗೆ ತೊಗಟೆ ಮೇಲಾಗಿ ಹೆಂಚಿನ ಹಾಗೆ ಹೊದಿಸಿ. ಅಕ್ಕಪಕ್ಕದವರು ನಿಂತು ಫೋಟೋ ತೆಗೆದುಕೊಂಡು ಹೋಗುತ್ತಾರೆ.

ಮಸಿಕೊಳವೆ:
ಫೋಟೋಗೆ ಚೆನ್ನ. ನಡುವೆ ಸುರಿದದ್ದಕ್ಕೆ ಗಾಳಿ ಎಲ್ಲಿಂದ? ನಮ್ಮ ಪಕ್ಕದ ಮನೆಯವರ ದುಂಡು ಒಟ್ಟು ಬಿಚ್ಚಿದಾಗ ಒಳಗೆಲ್ಲ ಬೂಷ್ಟು. ಒಂದೇ ಸಾಲು, ಉದ್ದಕ್ಕೆ, ಗಾಳಿ ಬೀಸುವ ದಿಕ್ಕಿಗೆ ಮುಖ. ನೆಲದಿಂದ ಮೇಲೆ, ಮರದ ಪ್ಯಾಲೆಟ್ ಮೇಲೆ. ಎರಡೂ ಕೊನೆಗೆ ಅಡ್ಡಡ್ಡ ಪೇರಿಸಿ ಕಂಬ ಮಾಡಿ. ಮನೆ ಗೋಡೆಗೆ ಒರಗಿಸಬೇಡಿ, ಗೆದ್ದಲಿಗೆ ಏಣಿ ಇಟ್ಟ ಹಾಗೆ.

ಗುಂಡುಬಣವೆ:
ಪಕ್ಕದ ಮನೆಯವರು ಟಾರ್ಪಾಲಿನ್ ಸುತ್ತಿದ್ದರಾ? ಬುಡದವರೆಗೂ ಮುಚ್ಚಿದರೆ ಯಾವ ಒಟ್ಟೂ ಬೂಷ್ಟು ಹಿಡಿಯುತ್ತದೆ. ನೆತ್ತಿ ಮಾತ್ರ ಮುಚ್ಚಬೇಕು.

ಎರಡುಗರಗಸ:
ತೊಗಟೆ ಮೇಲಾ? ಕೆಳಗೆ ಮಾಡಿದರೆ ಬೇಗ ಒಣಗುತ್ತದೆ.

ಗುಂಡುಬಣವೆ:
ಮಳೆ ಬಂದರೆ ಆ ತೊಗಟೆ ಬೋಗುಣಿ ಆಗುತ್ತದೆ. ನೀರು ನಿಲ್ಲಿಸಿಕೊಂಡು ಕೂರುತ್ತದೆ.

ಎರಡುಗರಗಸ:
ನೆತ್ತಿ ಮುಚ್ಚಿದ್ದೇವೆ ಅಂತ ಈಗ ತಾನೇ ಹೇಳಿದಿರಿ. ಮುಚ್ಚಿದ ಮೇಲೆ ಮಳೆ ಎಲ್ಲಿಂದ ಬಂತು?

ತಣ್ಣನೆಮನೆ:
ಭುಜದ ಬಗ್ಗೆ...?

ಬೆನ್ನುನೋವಿನವಳು:
ಮಷಿನ್ ತನ್ನಿ. ನಾಲ್ಕು ಮನೆಯವರು ಸೇರಿ ತನ್ನಿ, ಗಾಡಿ ಖರ್ಚು ಹಂಚಿಹೋಗುತ್ತದೆ. ತುಂಡು ಮಾಡಿ, ಮಷಿನ್ ಇಡುವ ಜಾಗದ ಪಕ್ಕಕ್ಕೆ ತಂದಿಟ್ಟುಕೊಂಡ ಮೇಲೆಯೇ ಫೋನ್ ಮಾಡಿ. ಮಣಿಕಟ್ಟಿಗಿಂತ ದಪ್ಪ ಇದ್ದದ್ದೆಲ್ಲ ಸೀಳಿ. ಎರಡು ಹಿಡಿಯೂ ಕೆಲಸ ಮಾಡುತ್ತವಾ ಅಂತ ಗಾಡಿಯಿಂದ ಇಳಿಸುವ ಮೊದಲೇ ನೋಡಿ.

ಕೊಡಲಿಕಾವು:
ಎಡಗೈಯಲ್ಲಿ ಹೊಡೆಯಲು ಕಲಿಯಿರಿ. ನಮ್ಮ ಅಪ್ಪ ಎರಡೂ ಕೈಯಲ್ಲಿ ಹೊಡೆಯುತ್ತಿದ್ದರು.

ಲೆಕ್ಕಪಕ್ಕಾ:
ತಣ್ಣನೆಮನೆ, ಅದು ಯಾವ ಮರ ಅಂತ ಹೇಳಲೇ ಇಲ್ಲವಲ್ಲ?

ತಣ್ಣನೆಮನೆ:
ತಂದವರು 'ಎಲ್ಲ ಮಿಕ್ಸ್' ಅಂದರು. ಸರ್ವೆ ಇದೆ, ನೀಲಗಿರಿ ಇದೆ, ಉಳಿದದ್ದು ಗೊತ್ತಿಲ್ಲ.

ಕೊಡಲಿಕಾವು:
ಸರ್ವೆ ಇದ್ದರೆ ನಿಮ್ಮ ಅದೃಷ್ಟ. ಅದರಷ್ಟು ಕಾವು ಕೊಡುವ ಸೌದೆ ಕಡಿಮೆ. ನೀಲಗಿರಿಯನ್ನು ಈ ವಾರವೇ ಮುಗಿಸಿ.

ಬೆನ್ನುನೋವಿನವಳು:
ಬಂತು ನೋಡಿ ಮತ್ತೆ ನೀಲಗಿರಿ. ಬಂದು ನನ್ನ ಅಂಗಳದಲ್ಲಿ ಉಳಿದಿರುವ ಮೂರು ದಿಮ್ಮಿ ಸೀಳಿ ತೋರಿಸಿ, ಆಮೇಲೆ ಬರೆಯಿರಿ.

ಕೊಡಲಿಕಾವು:
ಬರುತ್ತೇನೆ. ಕೊಡಲಿ ನಾನೇ ತರುತ್ತೇನೆ, ಯಾರೂ ಮುಟ್ಟಬಾರದು ಅಷ್ಟೆ.

ಎರಡುಗರಗಸ:
ತೊಗಟೆ ವಿಷಯಕ್ಕೆ ಗುಂಡುಬಣವೆ ಇನ್ನೂ ಉತ್ತರ ಕೊಟ್ಟಿಲ್ಲ.