‘ಪ್ಲಗ್’ ಅಂದರೆ ಯಾವುದು? ಜನರೇಟರ್ ಹಾಳೆಗೆ ಒಂದು ಪದ ಬೇಕು

ತೀರ್ಥಹಳ್ಳಿ ಹತ್ತಿರ ಅತ್ತೆ ಮನೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ಮೂರು ದಿನ ಬರುವುದೇ ಇಲ್ಲ. ಅದಕ್ಕೇ ಹಿಡಿಕೆ ಇರುವ ಪುಟ್ಟ ಪೆಟ್ರೋಲ್ ಜನರೇಟರ್ ತಂದಿಟ್ಟಿದ್ದಾರೆ. ಬಳಸುವ ಕ್ರಮವನ್ನು ಕನ್ನಡದಲ್ಲಿ ಬರೆದು ಪಕ್ಕದ ಗೋಡೆಗೆ ಅಂಟಿಸೋಣ ಅಂತ ಕೂತೆ. ‘ಪ್ಲಗ್’ ಎಂಬಲ್ಲೇ ನಿಂತುಬಿಟ್ಟಿದ್ದೇನೆ.

ಕಳೆದ ವಾರ ಭಾವಮೈದುನನಿಗೆ ಫೋನಿನಲ್ಲಿ, “ಮೊದ್ಲು ಪ್ಲಗ್ ತೆಗಿ, ಆಮೇಲೆ ಆಫ್ ಮಾಡು” ಅಂದೆ. “ಯಾವ ಪ್ಲಗ್ ಭಾವ, ಇಂಜಿನ್ನಿಂದಾ?” ಅಂದ. ಇಂಜಿನ್ ಓಡುತ್ತಲೇ ಇದೆ, ಅವನು ಹೊದಿಕೆ ಬಿಚ್ಚಲು ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದಾನೆ! ಇಂಜಿನ್ನಿನೊಳಗೆ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಎಳೆದಿದ್ದರೆ ಜೋರಾಗಿ ಶಾಕ್ ಹೊಡೆಯುತ್ತಿತ್ತು.

ತಪ್ಪು ಅವನದ್ದಲ್ಲ. ವೈರಿನ ತುದಿಯ ಪಿನ್ನಿಗೂ ಪ್ಲಗ್ ಅಂತೀವಿ. ಅದು ಕೂರುವ ತೂತಿಗೂ ಪ್ಲಗ್ಗೇ: “ಆ ಪ್ಲಗ್ಗಿಗೆ ಚಾರ್ಜರ್ ಹಾಕು.” ಮೆಕ್ಯಾನಿಕ್ ಬಾಯಲ್ಲಿ ಸ್ಪಾರ್ಕ್ ಪ್ಲಗ್ ಕೂಡ ಬರೀ ಪ್ಲಗ್. ಮನೆಯ ಗೋಡೆ ಎದುರು ನಿಂತಾಗ ಇದರಿಂದ ತೊಂದರೆಯಿಲ್ಲ. ಜನರೇಟರಿನಲ್ಲಿ ಮೂರೂ ಒಂದೇ ಕಡೆ ಇವೆ.

ಇನ್ನೊಂದು ತೊಡಕು ಬ್ಯಾಟರಿಯದ್ದು. 230 ವೋಲ್ಟಿನ ಸಾಕೆಟ್ ಪಕ್ಕದಲ್ಲೇ 12 ವೋಲ್ಟಿನ ಡಿಸಿ ಸಾಕೆಟ್ ಇದೆ. ಅದು ಕಾರಿನಲ್ಲಿರುವಂಥ ಬ್ಯಾಟರಿ ಚಾರ್ಜ್ ಮಾಡಲು ಮಾತ್ರ. ಕೆಲವು ಮಾದರಿಗಳಲ್ಲಿ ಏನೂ ಸಿಕ್ಕಿಸದೆ ಇರುವಾಗ ಅಲ್ಲಿ 15ರಿಂದ 30 ವೋಲ್ಟ್ ಇರುತ್ತದೆ, ಬೇರೆ ಸಾಮಾನು ಸಿಕ್ಕಿಸಿದರೆ ಸುಟ್ಟೇ ಹೋಗಬಹುದು. ‘ಬ್ಯಾಟರಿಗೆ ಮಾತ್ರ’ ಅಂತ ಬರೆದೆ. ಅತ್ತೆ ಓದಿ, “ರಾತ್ರಿ ತೋಟಕ್ಕೆ ಹಿಡ್ಕೊಂಡು ಹೋಗೋ ಬ್ಯಾಟ್ರಿನಾ?” ಅಂದರು. ಹೌದಲ್ವಾ, ಹಳ್ಳಿ ಕಡೆ ಬ್ಯಾಟರಿ ಅಂದರೆ ಟಾರ್ಚು, ಒಳಗಿರುವುದು ಶೆಲ್ಲು. ‘ಕಾರಿನ ಬ್ಯಾಟರಿಗೆ ಮಾತ್ರ’ ಅಂತ ತಿದ್ದಿದೆ.

‘ಚಾರ್ಜ್’ ಪದಕ್ಕೆ ತಲೆ ಕೆಡಿಸಿಕೊಂಡಿಲ್ಲ. ಪಠ್ಯಪುಸ್ತಕದ ‘ವಿದ್ಯುದಾವೇಶ’ ಭೌತಶಾಸ್ತ್ರಕ್ಕೆ ಸರಿ, ಗೋಡೆಯ ಹಾಳೆಗೆ ‘ಚಾರ್ಜಿಗೆ ಹಾಕಿ’ ಸಾಕು.

ಸದ್ಯಕ್ಕೆ ತೂತಿಗೆ ‘ಸಾಕೆಟ್’, ವೈರಿನ ತುದಿಗೆ ‘ಪಿನ್ನು’, ಇಂಜಿನ್ನಿನದಕ್ಕೆ ‘ಇಂಜಿನ್ ಪ್ಲಗ್’ ಅಂತ ಇಟ್ಟುಕೊಂಡಿದ್ದೇನೆ. ಆದರೆ ಅತ್ತೆ ಬಾಯಲ್ಲಿ ‘ಸಾಕೆಟ್’ ಒಮ್ಮೆಯೂ ಕೇಳಿಲ್ಲ. ನಿಮ್ಮ ಊರಿನಲ್ಲಿ ಶಾಮಿಯಾನದವರು, ಮೈಕ್ ಸೆಟ್ಟಿನವರು, ವೈರಿಂಗ್ ಮಾಡುವವರು ಆ ತೂತಿಗೆ ಏನಂತಾರೆ? ‘ಪಾಯಿಂಟ್’ ಅನ್ನುವುದು ಎಲ್ಲಾ ಕಡೆ ಇದೆಯಾ? ಉತ್ತರ ಕರ್ನಾಟಕದವರು, ಕರಾವಳಿಯವರು ದಯವಿಟ್ಟು ಹೇಳಿ. ಹಾಳೆ ಇನ್ನೂ ಅಂಟಿಸಿಲ್ಲ.