ಪದ ಬೇಕು: ವಿಮಾನ ‘ಕಾಣೆ’ಯೋ, ‘ನಾಶ’ವೋ?

ಎಲ್ಲರಿಗೂ ನಮಸ್ಕಾರ. ನಮ್ಮೂರ ಲೈಬ್ರರಿಯಲ್ಲಿ ಹಳೇ ವಿಮಾನಗಳ ಚಿತ್ರ ಹಾಕುತ್ತಿದ್ದೇವೆ. ಒಂದು ಬೋರ್ಡಿನ ಕನ್ನಡ ನನ್ನ ಪಾಲಿಗೆ ಬಂದಿದೆ. ನಾಳೆ ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು.

ವಿಮಾನ ಆವ್ರೋ ಏವಿಯನ್, ಹೆಸರು ‘ಸದರ್ನ್ ಕ್ರಾಸ್ ಮೈನರ್’. ಮೊದಲು ಆಸ್ಟ್ರೇಲಿಯಾದ ಪೈಲಟ್ ಚಾರ್ಲ್ಸ್ ಕಿಂಗ್ಸ್‌ಫರ್ಡ್ ಸ್ಮಿತ್ ಹತ್ತಿರ ಇತ್ತು. 1931ರಲ್ಲಿ ಅವರು ಇದರಲ್ಲೇ ಆಸ್ಟ್ರೇಲಿಯಾದಿಂದ ಇಂಗ್ಲೆಂಡಿಗೆ ಹಾರಿದರು. ಆಮೇಲೆ ಬ್ರಿಟಿಷ್ ಪೈಲಟ್ ಬಿಲ್ ಲ್ಯಾಂಕಾಸ್ಟರ್‌ಗೆ ಅವರ ಅಪ್ಪ ಕೊಡಿಸಿದರು. ಇಂಗ್ಲೆಂಡಿನಿಂದ ಕೇಪ್‌ಟೌನಿಗೆ ಬೇಗ ಹಾರಿದ ಪೈಲಟ್ ಏಮಿ ಜಾನ್ಸನ್ ಅವರ ದಾಖಲೆ ಮುರಿಯಲು ಲ್ಯಾಂಕಾಸ್ಟರ್ 1933ರ ಏಪ್ರಿಲ್ 11ರಂದು ಇಂಗ್ಲೆಂಡಿನಿಂದ ಹೊರಟರು. ಮರುದಿನ ಕತ್ತಲಲ್ಲಿ ಅಲ್ಜೀರಿಯಾದ ರೆಗಾನ್ ದಾಟಿದ ಮೇಲೆ ವಿಮಾನ ಸಹಾರಾದಲ್ಲಿ ಬಿತ್ತು. ಎಂಟು ದಿನ ಅಲ್ಲೇ ಡೈರಿ ಬರೆಯುತ್ತಾ ಇದ್ದು ತೀರಿಕೊಂಡರು. ವಿಮಾನ ಫ್ರೆಂಚ್ ಸೈನಿಕರ ಕಣ್ಣಿಗೆ ಬಿದ್ದಿದ್ದು 1962ರಲ್ಲಿ.

ಇಂಗ್ಲಿಷ್ ಬೋರ್ಡಿನಲ್ಲಿ ‘ಓನರ್ಸ್’, ‘ಲಾಸ್ಟ್ 1933’, ‘ರೆಕ್’ ಅಂತಿದೆ. ಮಾಲೀಕರು, ನಷ್ಟ, ಅವಶೇಷ ಅಂತ ಬರೆದೆ. ಮೂರೂ ಸರಿ ಅನಿಸುತ್ತಿಲ್ಲ.

*

ಮರು:
‘ಮಾಲೀಕ’ ಅರಬ್ಬಿ. ತೆಗೆದುಬಿಡಿ. ‘ಒಡೆಯ’ ಇದೆಯಲ್ಲ. ಒಡೆಯ, ಒಡತಿ, ಒಡೆತನ, ಒಡವೆ ಎಲ್ಲ ಒಂದೇ ಬೇರಿನವು. ತಮಿಳಿನ ‘ಉಡೈಯವನ್’ ಕೂಡ ಇದೇ. ನಮ್ಮ ಒಡವೆಯನ್ನೇ ನಾವು ಮರೆತರೆ ಹೇಗೆ? ‘ವಿಮಾನ’ ಸಂಸ್ಕೃತ. ‘ಬಾನೋಡ’ ಅನ್ನಿ. ಓಡ ಅಂದರೆ ದೋಣಿ.

*

ಮರು: ಮರು:
ಬೋರ್ಡು ಓದುವ ಮಕ್ಕಳಿಗೆ ‘ಬಾನೋಡ’ ತಿಳಿಯುವುದಿಲ್ಲ. ಅಲ್ಲಿಗೆ ಮುಗಿಯಿತು. ‘ಒಡೆಯ’ ಅಂದರೆ ಆಳಿನ ಎದುರು ನಿಂತ ಧಣಿ ನೆನಪಾಗುತ್ತಾನೆ. ಅಪ್ಪ ಕೊಡಿಸಿದ ವಿಮಾನಕ್ಕೆ ಅದು ಒಗ್ಗುವುದಿಲ್ಲ. ಇಲ್ಲಿ ನಾಮಪದವೇ ಬೇಡ. ‘ಮೊದಲು ಇವರದು, ಆಮೇಲೆ ಅವರದು’ ಅಂದರೆ ಸಾಕು. ಮನೆಯ ಬಗ್ಗೆ ಹಾಗೇ ಮಾತಾಡುತ್ತೇವೆ, ಅಲ್ವಾ?

‘ನಷ್ಟ’ ಅಂದರೆ ವ್ಯಾಪಾರ. ‘ನಾಶ’ ತಪ್ಪು, ಏಕೆಂದರೆ ಉಳಿದದ್ದನ್ನು 1975ರಲ್ಲಿ ಮರಳಿನಿಂದ ಎತ್ತಿ ತಂದರು, ಈಗ ಬ್ರಿಸ್ಬೇನಿನ ಕ್ವೀನ್ಸ್‌ಲ್ಯಾಂಡ್ ಮ್ಯೂಸಿಯಮ್ಮಿನ ಬಳಿ ಇದೆ. ‘ಕಾಣೆ’ಯೇ ಸರಿ. ‘ಕಾಣೆ’ ಅಂದರೆ ಮೂಲದಲ್ಲಿ ‘ನಾನು ಕಾಣೆನು’. ಇಲ್ಲ ಅಂತಲ್ಲ, ನನ್ನ ಕಣ್ಣಿಗೆ ಬೀಳಲಿಲ್ಲ ಅಂತ. ಮಗುಚಿಬಿದ್ದ ಆ ವಿಮಾನ 29 ವರ್ಷ ಬಿದ್ದಲ್ಲೇ ಇತ್ತು. ಲ್ಯಾಂಕಾಸ್ಟರ್ ತನ್ನ ಡೈರಿಯನ್ನು ವಿಮಾನದ ಬಟ್ಟೆಯಲ್ಲೇ ಸುತ್ತಿ, ತಂತಿಯಿಂದ ರೆಕ್ಕೆಗೆ ಬಿಗಿದಿದ್ದರು. ಯಾರಾದರೂ ಕಂಡಾರು ಅಂತ ನಂಬಿದ ಮನುಷ್ಯನ ಕೆಲಸ ಅದು. ಅಂಥ ವಿಮಾನಕ್ಕೆ ‘ನಾಶ’ ಅಂತ ಬರೆಯಲು ನನಗೆ ಕೈ ಬರುವುದಿಲ್ಲ.

*

ಮರು: ಮರು: ಮರು:
‘ಕಾಣೆ’ ಒಪ್ಪಿದೆ. ಕನ್ನಡದ್ದೇ ಪದ. ಆದರೆ ಮಕ್ಕಳಿಗೆ ತಿಳಿಯದು ಅನ್ನುತ್ತಾ ಹೋದರೆ ಹೊಸ ಪದ ಹುಟ್ಟುವುದು ಯಾವಾಗ? ‘ಫ್ಲೆಕ್ಸ್’ ಮಾತ್ರ ಎಲ್ಲರಿಗೂ ಹುಟ್ಟಿನಿಂದಲೇ ಗೊತ್ತಿತ್ತೇ?

*

ಮರು: ಮರು: ಮರು: ಮರು:
ಫ್ಲೆಕ್ಸ್ ವಸ್ತುವಿನ ಜೊತೆ ಬಂತು. ಬಾನೋಡ ಸುಮ್ನೆ ಕೂತು ಕಟ್ಟಿದ್ದು. ಎರಡೂ ಒಂದೇ ಅಲ್ಲ.

*

ಮರು: (ಕೇಳಿದವನು)
ಇಬ್ಬರಿಗೂ ಥ್ಯಾಂಕ್ಸ್. ಕಿಂಗ್ಸ್‌ಫರ್ಡ್ ಸ್ಮಿತ್ ಕೂಡ 1935ರ ನವೆಂಬರಿನಲ್ಲಿ ಬೇರೊಂದು ವಿಮಾನದಲ್ಲಿ ಬರ್ಮಾ ಕಡಲ ಮೇಲೆ ಕಾಣೆಯಾದರು. ಅವರು ಸಿಗಲೇ ಇಲ್ಲ. ಅದಕ್ಕೂ ಇದೇ ಪದ ಸಾಕಾಯಿತು. ‘ರೆಕ್’ಗೆ ಯಾರೂ ಪದ ಕೊಡಲಿಲ್ಲ, ‘ಉಳಿದದ್ದು’ ಅಂತ ಹಾಕಿದ್ದೇನೆ. ಅಂಗಡಿಗೆ ಹೋಗುತ್ತಿರುವ ಸಾಲು ಇದು:

‘ಮೊದಲು ಕಿಂಗ್ಸ್‌ಫರ್ಡ್ ಸ್ಮಿತ್ ಅವರದು, ಆಮೇಲೆ ಬಿಲ್ ಲ್ಯಾಂಕಾಸ್ಟರ್ ಅವರದು. 1933ರಲ್ಲಿ ಸಹಾರಾದಲ್ಲಿ ಕಾಣೆಯಾಯಿತು. 1962ರಲ್ಲಿ ಸಿಕ್ಕಿತು. ಉಳಿದದ್ದು ಬ್ರಿಸ್ಬೇನಿನಲ್ಲಿದೆ.’